ರೇಷನ್ ಕಿಟ್ಟಿಗಿಂತ ಮೊದಲು ಸಂಬಳ

ಕಾಡಂಚಿನಲ್ಲಿ ಸಫಾರಿ ಲಾಡ್ಜ್ ನಡೆಸುವವರು ಮಲ್ಲೇಶ್ವರದ ನನ್ನ ಆಫೀಸಿಗೆ ಬಂದಾಗ ಒಂದು ಮಾತು ತಪ್ಪದೆ ಬರುತ್ತದೆ. "ಸರ್, ಕೊರೊನಾ ಥರದ್ದು ಇನ್ನೊಂದು ಸಲ ಬಂದರೆ ಊರಿನವರಿಗೆ ಅಂತ ಒಂದಷ್ಟು ದುಡ್ಡು ತೆಗೆದಿಡೋಣ. ಸ್ಟಾಫ್ ಸಂಬಳ ಮಾತ್ರ ಮೊದಲೇ ಕಟ್ ಮಾಡಬೇಕಾಗುತ್ತೆ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹಾಗಾದರೆ ಆ ಸ್ಟಾಫ್ ಯಾವ ಊರಿನವರು ಎಂದು ನಾನು ಕೇಳಿದರೆ ಸುಮ್ಮನಾಗುತ್ತಾರೆ.

ನಾನು ಆಡಿಟರ್. ಕಬಿನಿ, ಬಂಡೀಪುರದ ಕಡೆ ಲಾಡ್ಜ್ ಇಟ್ಟವರ ಲೆಕ್ಕ ನೋಡುತ್ತೇನೆ. ಮಾಲೀಕರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲೇ ಇರುವವರು. ಸಾಫ್ಟ್‌ವೇರ್ ಕೆಲಸದಲ್ಲಿ ಉಳಿಸಿದ್ದು, ಸೈಟ್ ಮಾರಿ ಬಂದದ್ದು, ಎಲ್ಲವನ್ನೂ ಕಾಡಿನ ಮೇಲಿನ ಪ್ರೀತಿಗೆ ಸುರಿದವರು. ಒಳ್ಳೆಯ ಜನ. ಊರಿಗೆ ನಿಜವಾಗಿಯೂ ಒಳ್ಳೆಯದಾಗಲಿ ಅಂದುಕೊಳ್ಳುವವರು. ಅದಕ್ಕೇ ನನಗೆ ಸಿಟ್ಟು ಜಾಸ್ತಿ ಬರುವುದು.

2020ರಲ್ಲಿ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತಿದೆ. ಮಾರ್ಚ್ ನಡುವೆ ನಮ್ಮ ರಾಜ್ಯದಲ್ಲಿ ಮಾಲ್, ಥಿಯೇಟರ್ ಮುಚ್ಚಿದವು. 25ರಿಂದ ದೇಶವೇ ಬಂದ್. ಏಪ್ರಿಲ್ ಮೊದಲ ವಾರ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೇ ಸೋಂಕು ತಗುಲಿದ ಸುದ್ದಿ ಬಂತು. ಸಫಾರಿ ಇನ್ನು ಯಾವಾಗಲೋ ಎಂದು ನನ್ನ ಕ್ಲೈಂಟ್‌ಗಳು ಕೈಚೆಲ್ಲಿದರು. ಜೂನ್ 8ರಿಂದ ಹೋಟೆಲ್ ತೆರೆಯಲು ಅನುಮತಿ ಸಿಕ್ಕಿತು. ಚೇತರಿಸಿಕೊಳ್ಳುವ ಹೊತ್ತಿಗೆ 2021ರ ಏಪ್ರಿಲ್ 27ರಿಂದ ಮತ್ತೆ ಬಾಗಿಲು ಬಂದ್.

ಆ ಮೊದಲ ಲಾಕ್‌ಡೌನಿನಲ್ಲಿ ಒಬ್ಬ ಮಾಲೀಕರು ಪಾಸ್ ಮಾಡಿಸಿಕೊಂಡು ಇಲ್ಲಿಂದ ಎರಡು ಗಾಡಿ ತುಂಬ ಕಿಟ್ ಒಯ್ದರು. ಗುಂಡ್ಲುಪೇಟೆ ದಾಟಿ ಊರಿನ ತಿರುವಿಗೆ ಹೋದರೆ ರಸ್ತೆಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಹಾಕಿದ್ದರು. ಬೆಂಗಳೂರಿನ ನಂಬರ್ ಪ್ಲೇಟ್ ನೋಡಿ ಹುಡುಗರು ಒಳಗೆ ಬಿಡಲಿಲ್ಲ. ಅವರ ಭಯ ನ್ಯಾಯವಾದದ್ದೇ, ಸೋಂಕು ಆಗ ಊರೂರಿಗೆ ಹೋಗುತ್ತಿದ್ದದ್ದು ನಗರದಿಂದ. ಕೊನೆಗೆ ಕಿಟ್‌ಗಳನ್ನು ರಸ್ತೆ ಬದಿಯಲ್ಲೇ ಇಳಿಸಿ ಬಂದರು. ಒಳಗೆ ಏನಿತ್ತು? ಐದು ಕೆಜಿ ಅಕ್ಕಿ, ಮೈದಾ, ನೂಡಲ್ಸ್, ಸೋಪು. ರಾಗಿ ಇರಲಿಲ್ಲ. ಅಕ್ಕಿ ನ್ಯಾಯಬೆಲೆ ಅಂಗಡಿಯಲ್ಲೇ ಸಿಗುತ್ತಿತ್ತು. ಏಪ್ರಿಲ್‌ನಿಂದ ತಲೆಗೆ ಐದು ಕೆಜಿ ಹೆಚ್ಚುವರಿಯಾಗಿ, ಪುಕ್ಕಟೆಯಾಗಿ ಕೊಡುತ್ತಿದ್ದರಲ್ಲ. ಆ ಮನೆಗಳಿಗೆ ಬೇಕಿದ್ದದ್ದು ಸಂಘದ ಸಾಲದ ಕಂತು, ಗ್ಯಾಸ್ ಸಿಲಿಂಡರ್, ಮಕ್ಕಳ ಫೋನಿಗೆ ರೀಚಾರ್ಜ್. ಅಂದರೆ ನಗದು. ಅದೇ ತಿಂಗಳು ಅದೇ ಲಾಡ್ಜ್ ಹದಿನಾಲ್ಕು ಜನರಿಗೆ ಸಂಬಳ ನಿಲ್ಲಿಸಿತ್ತು. ಹದಿನಾಲ್ಕೂ ಜನ ಆ ಮುಳ್ಳಿನ ಕೊಂಬೆಯ ಆಚೆಗಿನವರು.

ಈಗ ನಾನು ಹೇಳಹೊರಟ ವಿಷಯಕ್ಕೆ ಬರುತ್ತೇನೆ. ಹಳೆಯ ಕ್ಲೈಂಟ್‌ಗಳಿಗೆ ಇದು ಎಷ್ಟನೇ ಸಲವೋ, ಆದರೂ ಹೇಳುತ್ತೇನೆ.

ನಿಮ್ಮ ಲಾಡ್ಜಿನ ಸಂಬಳದ ಪಟ್ಟಿ, ಹಾಲಿನ ಖಾತೆ, ಸಣ್ಣಪುಟ್ಟ ಖರ್ಚಿನ ವೋಚರ್ ಫೈಲು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಲಾಡ್ಜಿನ ಫೆಬ್ರವರಿ 2020ರ ಲೆಕ್ಕದಲ್ಲಿ ನಾನು ನೋಡಿದ್ದು ಹೀಗಿತ್ತು. ಅತಿಥಿಗಳನ್ನು ಸಫಾರಿ ಪಾಯಿಂಟಿಗೆ ಬಿಟ್ಟು ಬರುವ ಡ್ರೈವರ್ ಸಂಬಳದ ಪಟ್ಟಿಯಲ್ಲಿದ್ದಾನೆ. ದಿನಾ ಹನ್ನೆರಡು ಲೀಟರ್ ಹಾಲು ಹಾಕುವುದು ಅವನ ತಾಯಿ. ಹೌಸ್‌ಕೀಪಿಂಗಿನಲ್ಲಿ ದಿನಗೂಲಿಗೆ ಬರುವುದು ಅವನ ಅತ್ತಿಗೆ, ಅವರದ್ದು ವೋಚರ್ ಮೇಲೆ ಹೆಬ್ಬೆಟ್ಟಿನ ಗುರುತು. ಕಾಟೇಜಿಗೆ ಹುಲ್ಲು ಹೊದಿಸಿದ ಲೆಕ್ಕದಲ್ಲಿ ಅವನ ಚಿಕ್ಕಪ್ಪ. ಒಂದೇ ಮನೆ, ನಾಲ್ಕು ಕಡೆ ನಮೂದು. ಲಾಡ್ಜ್ ಮುಚ್ಚಿದ ದಿನ ಈ ನಾಲ್ಕೂ ಒಟ್ಟಿಗೆ ನಿಂತವು. ಬೇರೆ ವರ್ಷವಾದರೆ ಕೊಡಗಿನ ಕಾಫಿ ತೋಟಕ್ಕೋ, ಕೇರಳದ ಶುಂಠಿ ಕೆಲಸಕ್ಕೋ ಹೋಗುತ್ತಿದ್ದರು. ಆಗ ಗಡಿಗಳೂ ಮುಚ್ಚಿದ್ದವು. ಉದ್ಯೋಗ ಖಾತ್ರಿಯ ಕೂಲಿ ಆ ವರ್ಷ ದಿನಕ್ಕೆ ₹275 ಇತ್ತು. ಆದರೆ ಜಾಬ್ ಕಾರ್ಡ್ ಇದ್ದವರಿಗೆ, ಪಂಚಾಯಿತಿ ಕೆಲಸ ತೆರೆದ ಮೇಲೆ.

ಊರಿಗೆ ಸಹಾಯ ಅನ್ನುವುದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಆಗಲೇ ಇದೆ. ಅದು ಸಂಬಳ, ಹಾಲು, ತರಕಾರಿ, ಕೂಲಿ. ಅದನ್ನು ಕಡಿದು, ಬೇರೆ ತಲೆಬರಹದಡಿ ಕಿಟ್ ಕೊಟ್ಟರೆ ಊರಿಗೆ ಸಿಕ್ಕಿದ್ದು ಜಾಸ್ತಿಯಾಗಲಿಲ್ಲ, ಕಡಿಮೆಯಾಯಿತು.

ನಂಬಿಕೆ ಬರದಿದ್ದರೆ ಲೆಕ್ಕ ಹಾಕೋಣ. ಹನ್ನೆರಡು ರೂಮಿನ ಲಾಡ್ಜ್, ಇಪ್ಪತ್ತು ಜನ ಕೆಲಸದವರು, ಸರಾಸರಿ ಸಂಬಳ ₹15,000 ಎಂದಿಟ್ಟುಕೊಳ್ಳಿ. ತಿಂಗಳಿಗೆ ₹3 ಲಕ್ಷ. ಇನ್ನೂರು ಮನೆಗೆ ಸಾವಿರ ರೂಪಾಯಿಯ ಕಿಟ್ ಕೊಟ್ಟರೆ ₹2 ಲಕ್ಷ ಒಂದೇ ದಿನದಲ್ಲಿ ಮುಗಿಯುತ್ತದೆ. ಮನೆಗೆ ಹತ್ತು ದಿನದ ಸಾಮಾನು. ಅದೇ ₹2 ಲಕ್ಷದಲ್ಲಿ ಇಪ್ಪತ್ತು ಮನೆಗೆ ಒಂದು ತಿಂಗಳ ಅರ್ಧ ಸಂಬಳ ಕೊಟ್ಟು, ಇನ್ನೂ ₹50,000 ಉಳಿಯುತ್ತದೆ. ಆ ಐವತ್ತರಲ್ಲಿ ಹಾಲು ಹಾಕುವವರಿಗೂ ದಿನಗೂಲಿಯವರಿಗೂ ಏನಾದರೂ ಕೊಡಬಹುದು. ಉಳಿದ ನೂರೆಂಬತ್ತು ಮನೆಗಳ ಗತಿ ಏನು ಅಂತ ಕೇಳುತ್ತೀರಿ. ಸಂಬಳ ಬಂದ ಮನೆಯವರು ಊರಿನ ಅಂಗಡಿಯ ಸಾಲ ತೀರಿಸುತ್ತಾರೆ, ಅಣ್ಣತಮ್ಮಂದಿರಿಗೆ ಕೈಸಾಲ ಕೊಡುತ್ತಾರೆ, ಹೊಲಕ್ಕೆ ಆಳು ಕರೆಯುತ್ತಾರೆ. ದುಡ್ಡು ಊರಿನಲ್ಲೇ ಸುತ್ತುತ್ತದೆ. ಸಂಬಳ ಪೂರ್ತಿ ಸಲ್ಲಿಸಿ, ಆಮೇಲೂ ಕೈಯಲ್ಲಿದ್ದರೆ ಕಿಟ್ ಕೊಡಿ. ನಾನು ಬೇಡ ಅನ್ನುವುದಿಲ್ಲ. ಯಾರೂ ದುಡಿಯುವವರಿಲ್ಲದ ಮುದುಕರ ಮನೆಗೆ ಅದು ಬೇಕೇ ಬೇಕು. ನಾನು ಹೇಳುತ್ತಿರುವುದು ಯಾವುದು ಮೊದಲು ಅನ್ನುವುದನ್ನು.

"ಸಂಬಳವನ್ನೇ ಸಿಎಸ್‌ಆರ್ ಅಂತ ತೋರಿಸಬಹುದಾ?" ಎಂದು ಆಗ ಹಲವರು ಕೇಳಿದರು. ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಮಾಡಬೇಕಾದ ಖರ್ಚು. ಆಗುವುದಿಲ್ಲ. 2020ರ ಏಪ್ರಿಲ್ 10ರಂದು ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನೇ ಸ್ಪಷ್ಟಪಡಿಸಿತ್ತು. ಲಾಕ್‌ಡೌನ್ ಕಾಲದ ಸಂಬಳ ಕೊಡುವುದು ಮಾಲೀಕರ ನೈತಿಕ ಹೊಣೆ, ಅದನ್ನು ಸಿಎಸ್‌ಆರ್ ಖರ್ಚಿಗೆ ಸೇರಿಸುವಂತಿಲ್ಲ. ದಿನಗೂಲಿಯವರ ಕೂಲಿಗೂ ಅದೇ ಮಾತು. ಅಂದಹಾಗೆ ನನ್ನ ಕ್ಲೈಂಟ್‌ಗಳಲ್ಲಿ ಯಾರಿಗೂ ಸಿಎಸ್‌ಆರ್ ಕಾನೂನು ಅನ್ವಯವೇ ಆಗುವುದಿಲ್ಲ, ಅದು ದೊಡ್ಡ ಕಂಪನಿಗಳಿಗೆ. ಆದರೆ ಸಂಬಳ ವ್ಯವಹಾರದ ಖರ್ಚು, ಅದಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಸಾಮಾನಿನ ರೂಪದಲ್ಲಿ ಕೊಟ್ಟ ದಾನಕ್ಕೆ 80ಜಿ, ಅಂದರೆ ದಾನದ ಮೇಲಿನ ತೆರಿಗೆ ವಿನಾಯಿತಿ, ಇರಲಿಲ್ಲ. ಹೃದಯದ ಮಾತು ಬಿಡಿ, ಬರೀ ಲೆಕ್ಕ ನೋಡಿದರೂ ಸಂಬಳವೇ ಮುಂದೆ.

ಇನ್ನೊಂದು ನೋವಿನ ವಿಷಯ. ಜನರನ್ನು ಪಟ್ಟಿಯ ಹೊರಗಿಟ್ಟು ವೋಚರ್ ಮೇಲೆ ದುಡಿಸಿಕೊಳ್ಳುವುದು. ಮಾಲೀಕರಿಗೆ ತಿಂಗಳಿಗೆ ಒಂದಷ್ಟು ಉಳಿಯುತ್ತದೆ, ನಿಜ. ಆದರೆ 2020ರಲ್ಲಿ ಸರ್ಕಾರದಿಂದ ಬಂದ ನೆರವಿನಲ್ಲಿ ಮುಖ್ಯವಾದವು ಪಟ್ಟಿಯಲ್ಲಿದ್ದವರಿಗೇ ಸಿಕ್ಕವು. ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇದ್ದವರು ಕೆಲಸ ಕಳೆದುಕೊಂಡರೆ ಸರಾಸರಿ ಸಂಬಳದ ಅರ್ಧದಷ್ಟನ್ನು 90 ದಿನದವರೆಗೆ ಪಡೆಯಬಹುದಿತ್ತು. ಮೊದಲು ಅದು ಕಾಲು ಭಾಗ ಮಾತ್ರ ಇತ್ತು, ಆಗ ಏರಿಸಿದರು. ಪಿಎಫ್ ಇದ್ದವರು ಮೂರು ತಿಂಗಳ ಮೂಲವೇತನದಷ್ಟು ಅಥವಾ ಖಾತೆಯ ಮುಕ್ಕಾಲು ಭಾಗ, ಎರಡರಲ್ಲಿ ಕಡಿಮೆಯಾದುದನ್ನು ತೆಗೆಯಬಹುದಿತ್ತು. ನೂರು ಜನರ ಒಳಗಿನ, ಹೆಚ್ಚಿನವರ ಸಂಬಳ ₹15,000ಕ್ಕಿಂತ ಕಡಿಮೆಯಿದ್ದ ಸಂಸ್ಥೆಗಳಿಗೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಎರಡೂ ಕಡೆಯ ಪಿಎಫ್ ಪಾಲನ್ನು ಕೇಂದ್ರ ಸರ್ಕಾರವೇ ಕಟ್ಟಿತು. ಹತ್ತು ವರ್ಷ ದುಡಿದ ಅಡುಗೆ ಸಹಾಯಕಿ ಇದ್ಯಾವುದಕ್ಕೂ ಅರ್ಜಿ ಹಾಕಲಾಗಲಿಲ್ಲ. ಆಕೆ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ನಿಮ್ಮ ಲಾಡ್ಜಿಗೆ ಇಎಸ್‌ಐ, ಪಿಎಫ್ ಅನ್ವಯವಾಗುತ್ತದೋ ಇಲ್ಲವೋ ಅನ್ನುವುದು ಜನರ ಸಂಖ್ಯೆ, ಜಾಗ ಎಲ್ಲ ನೋಡಿ ಹೇಳಬೇಕಾದದ್ದು. ನಿಮ್ಮ ಆಡಿಟರನ್ನು ಕೇಳಿ. ಕಡ್ಡಾಯವಿಲ್ಲದಿದ್ದರೂ ಪಿಎಫ್‌ಗೆ ಸ್ವಂತ ಇಷ್ಟದಿಂದ ಸೇರಲು ದಾರಿಯಿದೆ.

ದುಡ್ಡು ಎಲ್ಲಿಂದ ಬರಬೇಕು? ಸೀಸನ್ನಿನಲ್ಲಿ. ಮೇಲೆ ಲೆಕ್ಕ ಹಾಕಿದ ಹನ್ನೆರಡು ರೂಮಿನ ಲಾಡ್ಜಿನಲ್ಲಿ ರಾತ್ರಿಗೊಂದರಂತೆ ಎಣಿಸಿ ವರ್ಷಕ್ಕೆ ಎರಡು ಸಾವಿರ ರೂಮ್ ಬುಕಿಂಗ್ ಆದರೆ, ಪ್ರತಿಯೊಂದರಿಂದ ₹300 ಬೇರೆ ಖಾತೆಗೆ ಹಾಕಿ. ವರ್ಷಕ್ಕೆ ₹6 ಲಕ್ಷ. ಒಂದೂವರೆ ವರ್ಷದಲ್ಲಿ ₹9 ಲಕ್ಷ, ಅಂದರೆ ಆರು ತಿಂಗಳ ಅರ್ಧ ಸಂಬಳ. ಹೀಗೆ ಎತ್ತಿಟ್ಟ ಹಣಕ್ಕೂ ಆ ವರ್ಷ ತೆರಿಗೆ ಕಟ್ಟಬೇಕು, ಖರ್ಚಾದ ವರ್ಷವೇ ಕಡಿತ. ಇದನ್ನು ಕೇಳಿದ ಕೂಡಲೇ ಅರ್ಧ ಜನ ಹಿಂದೆ ಸರಿಯುತ್ತಾರೆ. "ಹಾಗಾದರೆ ಈಜುಕೊಳಕ್ಕೇ ಹಾಕಿಬಿಡೋಣ ಸರ್" ಅನ್ನುತ್ತಾರೆ. ಬೇಡ ಅಂತ ನಾನು ಪ್ರತಿ ಸಲವೂ ಬೇಡಿಕೊಳ್ಳುತ್ತೇನೆ. ಬಾಗಿಲು ಮುಚ್ಚಿದ ತಿಂಗಳಲ್ಲಿ ಈಜುಕೊಳದಿಂದ ಸಂಬಳ ಕೊಡಲಾಗುವುದಿಲ್ಲ. ಅತಿಥಿಗಳ ಅಡ್ವಾನ್ಸ್ ಹಣವನ್ನೂ ಇದರ ಜೊತೆ ಬೆರೆಸಬೇಡಿ. ಅವರು ಬಂದು ಉಳಿದು ಹೋಗುವವರೆಗೂ ಅದು ಅವರದ್ದೇ. 2020ರ ಮಾರ್ಚ್‌ನಲ್ಲಿ ಮೊದಲ ಏಟು ಬಿದ್ದದ್ದು ಅಲ್ಲೇ. ಅಡ್ವಾನ್ಸ್ ಖರ್ಚು ಮಾಡಿಕೊಂಡಿದ್ದವರು ವಾಪಸ್ ಕೊಡಲಾಗದೆ ಫೋನ್ ಆಫ್ ಮಾಡಿ ಕೂತರು.

2020ರಲ್ಲಿ ಕೊಟ್ಟ ಬ್ಯಾಂಕ್ ಸಾಲದ ಕಂತು ಮುಂದೂಡಿಕೆಯ ಬಗ್ಗೆ ಒಂದೇ ಮಾತು. ಆ ಆರು ತಿಂಗಳು ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ.

ಮಹಾಮಾರಿ ನೂರು ವರ್ಷಕ್ಕೊಮ್ಮೆ ಬರುವಂಥದ್ದು, ಅದಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಸಫಾರಿ ನಿಂತಿತ್ತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸರ್ಕಾರ ಸಫಾರಿ ನಿಲ್ಲಿಸಿತು. ಕಾರಣ ಬೇರೆ ಬೇರೆ, ಸಂಬಳದ ಪಟ್ಟಿಯ ಮೇಲೆ ಬೀಳುವ ಹೊರೆ ಒಂದೇ. ಕೀನ್ಯಾದ ಮಸಾಯಿ ಮಾರದಲ್ಲೂ ಇದೇ ಕಥೆ. ಅಲ್ಲಿ ಮೀಸಲು ಪ್ರದೇಶದ ಸುತ್ತಲಿನ ಸಂರಕ್ಷಣಾ ಜಮೀನುಗಳಿಗಾಗಿ ಲಾಡ್ಜ್‌ಗಳು ಮಸಾಯಿ ಕುಟುಂಬಗಳಿಗೆ ಬಾಡಿಗೆ ಕೊಡುತ್ತವೆ. 2020ರಲ್ಲಿ ಪ್ರವಾಸಿಗರು ನಿಂತಾಗ ಆ ಬಾಡಿಗೆಗೇ ಕುತ್ತು ಬಂತು.

ಚೆನ್ನಾಗಿ ನಿಭಾಯಿಸಿದವರೂ ಇದ್ದಾರೆ. ಕಬಿನಿ ಕಡೆಯ ಒಬ್ಬರು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಎರಡು ತಂಡ ಮಾಡಿ, ತಿಂಗಳಲ್ಲಿ ಹದಿನೈದು ದಿನ ಒಂದು ತಂಡಕ್ಕೆ, ಹದಿನೈದು ದಿನ ಇನ್ನೊಂದಕ್ಕೆ ಕೆಲಸ ಕೊಟ್ಟರು. ಕಾಟೇಜಿಗೆ ಬಣ್ಣ, ಸೋಲಾರ್ ಬೇಲಿ ರಿಪೇರಿ, ಲಂಟಾನ ಕಳೆ ಕೀಳುವುದು. ಎಲ್ಲರಿಗೂ ಅರ್ಧ ಸಂಬಳ, ಐದನೇ ತಾರೀಕು ತಪ್ಪದೆ. ಮಾಲೀಕರು ಮತ್ತು ಮ್ಯಾನೇಜರ್ ತಮ್ಮದನ್ನು ಪೂರ್ತಿ ಬಿಟ್ಟರು. ಹಾಲನ್ನು ಆರು ಲೀಟರಿಗೆ ಇಳಿಸಿದರು, ಪೂರ್ತಿ ನಿಲ್ಲಿಸಲಿಲ್ಲ. ಊಟದ ಕೋಣೆಗೆ ಲಾಡ್ಜಿನ ವೈಫೈ ಬರುತ್ತಿದ್ದರಿಂದ ಆದಿವಾಸಿ ಹಾಡಿಯ ಮಕ್ಕಳು ದೂರ ದೂರ ಕೂತು ಪಾಠ ಕೇಳಿದರು. ಎರಡನೇ ಅಲೆಯಲ್ಲಿ ಅತಿಥಿಗಳ ಜೀಪು ಎಚ್.ಡಿ. ಕೋಟೆ ಆಸ್ಪತ್ರೆಗೆ ಓಡಾಡಿತು. ಡೀಸೆಲ್ ಬಿಲ್ ಮೇಲೆ ಪೆನ್ಸಿಲ್‌ನಲ್ಲಿ "ಹೆರಿಗೆ", "ಲಸಿಕೆ", "ಲಸಿಕೆ" ಎಂದು ಬರೆದಿತ್ತು. ಅದನ್ನು ಯಾವ ತಲೆಬರಹಕ್ಕೆ ಹಾಕಲಿ ಎಂದು ನಮ್ಮ ಹುಡುಗ ಕೇಳಿದ. ವಾಹನ ಖರ್ಚಿಗೇ ಹಾಕು ಅಂದೆ.

ಎರಡು ಮೂರು ರೂಮಿನ ಹೋಂಸ್ಟೇ ನಡೆಸುವವರಿಗೆ ಆರು ತಿಂಗಳ ಗಂಟು ಕಟ್ಟುವುದು ಕಷ್ಟ, ಒಪ್ಪುತ್ತೇನೆ. ಕೆಲಸಕ್ಕೆ ಇಬ್ಬರಿದ್ದರೆ ಅವರ ಎರಡು ತಿಂಗಳ ಸಂಬಳದಿಂದ ಶುರು ಮಾಡಿ. ಅವರಿಗೆ ಬ್ಯಾಂಕ್ ಖಾತೆ, ಜಾಬ್ ಕಾರ್ಡ್, ಆಧಾರ್ ಜೋಡಣೆ ಸರಿಯಿದೆಯಾ ಅಂತ ಈಗಲೇ ನೋಡಿ. ಬಾಗಿಲು ಮುಚ್ಚಿದ ಮೇಲೆ ತಾಲ್ಲೂಕು ಕಚೇರಿಗೆ ಅಲೆಯಲು ಬಸ್ಸೂ ಇರುವುದಿಲ್ಲ.