ಮರಳುಗಾಡಿನ ಕರೆಂಟು ದಾರಿಯಲ್ಲಿ ಖಾಲಿ ಆಗುತ್ತದಾ?

ಫೆಬ್ರವರಿ, ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಸಕಲೇಶಪುರದ ಬೆಳೆಗಾರರೊಬ್ಬರು ಕೇಳಿದರು: "ಸಾರ್, ರಾಜಸ್ಥಾನದಲ್ಲಿ ಅಷ್ಟೊಂದು ಸೋಲಾರ್ ಹಾಕ್ತಾರಲ್ಲ, ಆ ಕರೆಂಟು ನಮ್ಮ ತನಕ ಬರೋಷ್ಟರಲ್ಲಿ ಅರ್ಧ ದಾರೀಲೇ ಖಾಲಿ ಆಗಲ್ವಾ?"

ಲೈನ್ ಕೆಲಸದಲ್ಲೇ ವರ್ಷಗಳನ್ನು ಕಳೆದ ನನಗೆ ಈ ಪ್ರಶ್ನೆ ಬಹಳ ಇಷ್ಟ. 1902ರಲ್ಲೇ ಶಿವನಸಮುದ್ರದ ಕರೆಂಟು ಸುಮಾರು 150 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿ ಮುಟ್ಟಿತ್ತು. ಗುಟ್ಟು ಇರುವುದು ವೋಲ್ಟೇಜಿನಲ್ಲಿ. ಅದನ್ನು ಎರಡು ಪಟ್ಟು ಮಾಡಿದರೆ ಅಷ್ಟೇ ವಿದ್ಯುತ್ತಿಗೆ ತಂತಿಯಲ್ಲಿ ಹರಿಯುವ ಆಂಪಿಯರ್ ಅರ್ಧಕ್ಕೆ ಇಳಿಯುತ್ತದೆ. ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ತೀರಾ ದೂರಕ್ಕಾದರೆ ದಿಕ್ಕು ಬದಲಿಸುತ್ತಾ ಹರಿಯುವ ಎಸಿಯನ್ನು ಒಂದೇ ದಿಕ್ಕಿನ ಡಿಸಿ ಮಾಡಿ ಕಳಿಸುತ್ತಾರೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಿಂದ ಹೀಗೇ ಬರುತ್ತಿದೆ, 1,300 ಕಿ.ಮೀ.ಗೂ ಜಾಸ್ತಿ ದೂರ. ಇಂಥ ಲೈನಿನಲ್ಲಿ ಸಾವಿರ ಕಿ.ಮೀ.ಗೆ ಹೋಗುವುದು ನೂರಕ್ಕೆ ಮೂರರಷ್ಟು. ಎರಡೂ ತುದಿಯಲ್ಲಿ ಎಸಿ-ಡಿಸಿ ಬದಲಿಸುವಾಗ ಇನ್ನೊಂದಿಷ್ಟು.

ಹಾಗಂತ ರಾಜಸ್ಥಾನದ ಫಲೋದಿ ಜಿಲ್ಲೆಯ ಭಡ್ಲಾ ಸೋಲಾರ್ ಪಾರ್ಕಿನ ಕರೆಂಟೇ ನೇರ ಆ ಬೆಳೆಗಾರರ ಮೋಟಾರಿಗೆ ಬರುವುದಿಲ್ಲ. ಲೈನುಗಳೆಲ್ಲ ಸೇರಿದ ಜಾಲ, ಅಂದರೆ ಗ್ರಿಡ್, ಕೆರೆ ಇದ್ದ ಹಾಗೆ. ಆ ಕಡೆಯಿಂದ ನೀರು ಸೇರಿದರೆ ಈ ತೂಬಿನಲ್ಲಿ ಬಿಡಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಜೋಡಿಸಿದ ಮೇಲೆ ದಕ್ಷಿಣವೂ ಈ ಕೆರೆಗೆ ಸೇರಿತು.

ನಿಜವಾದ ಕಷ್ಟ ಬೇರೆ. ಪ್ಯಾನೆಲ್ ಬೇಗ ಏಳುತ್ತವೆ, ಲೈನ್ ಏಳುವುದಿಲ್ಲ. ಒಂದೊಂದು ಟವರಿಗೂ ಒಬ್ಬರ ಹೊಲದಲ್ಲಿ ಜಾಗ ಕೇಳಬೇಕು. ಮರಳುಗಾಡಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ. ಉಳಿದಿರುವುದೇ ತೀರಾ ಕಡಿಮೆ. ಅವುಗಳಿಗಾಗಿ ಲೈನ್ ಸುತ್ತಿ ಹೋಗಬೇಕಾದರೆ ಹೋಗಲಿ, ಖರ್ಚಾದರೂ ಸರಿ.

ಇನ್ನು ಸಂಜೆ. ಹಾಸನದಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲೂ ಸೂರ್ಯ ಇಳಿದಿರುತ್ತಾನೆ. ಬ್ಯಾಟರಿ ಬೇಕು, ಇಲ್ಲವೇ ಹಗಲು ನೀರನ್ನು ಮೇಲಕ್ಕೆ ಹತ್ತಿಸಿ ಇಟ್ಟುಕೊಂಡು, ಸಂಜೆ ಕೆಳಗೆ ಬಿಟ್ಟು ಕರೆಂಟು ತೆಗೆಯಬೇಕು. ಎರಡಕ್ಕೂ ದುಡ್ಡು ಬೇಕು. ಅದಕ್ಕೇ ನಾನು ಹೇಳುವುದು, ಹಗಲಿನ ಕರೆಂಟನ್ನು ಹಗಲೇ ಬಳಸೋಣ. ನಮ್ಮ ಪಾವಗಡದಲ್ಲೇ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮರಳುಗಾಡಿನದೂ ಬಂದು ಸೇರಲಿ. ಪಂಪ್‌ಸೆಟ್‌ಗಳಿಗೆ ಕರೆಂಟು ಒಯ್ಯುವ ಫೀಡರ್ ಲೈನುಗಳಿಗೆ ಬಿಸಿಲಿರುವಾಗಲೇ ಮೋಟಾರಿಗೆ ಬೇಕಾದ ತ್ರೀ ಫೇಸ್ ಕೊಡಿ.

ಆಗ ಆ ಬೆಳೆಗಾರರು ನಡುರಾತ್ರಿ ಟಾರ್ಚ್ ಹಿಡಿದು ಪಂಪ್‌ಹೌಸಿಗೆ ಹೋಗುವುದು ತಪ್ಪುತ್ತದೆ. ಅವರದು ಆನೆ ಓಡಾಡುವ ತೋಟ.