20×30 ಸೈಟಿನ ಮೂರನೇ ಮಹಡಿ

"ನಕ್ಷೆ ರೂಲ್ಸ್ ಪ್ರಕಾರಾನೇ ಬರೀರಿ ಸಾರ್. ಪಿಲ್ಲರ್‌ಗೆ ಮಾತ್ರ ನಾಲ್ಕು ಫ್ಲೋರ್ ತಡೆಯೋ ಹಂಗೆ ಕಂಬಿ ಹಾಕ್ಸಿ."

ಪಾಯ ತೋಡುವ ಮುಂಚೆ ಲಗ್ಗೆರೆಯ ಯಜಮಾನರೊಬ್ಬರು ನನಗೆ ಹೇಳಿದ್ದು. ಬೆಂಗಳೂರಲ್ಲಿ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಂಡವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಕಂಬಿಯ ಲೆಕ್ಕ ನಾಲ್ಕಕ್ಕೇ ಹಾಕಿಸಿದೆ. ಹೇಗೂ ಕಟ್ಟುತ್ತಾರೆ, ಕಟ್ಟಿದ್ದು ಬೀಳಬಾರದಲ್ಲ.

20×30 ಅಂದರೆ 600 ಚದರಡಿ. 2007ರಲ್ಲಿ ಜಾರಿಗೆ ಬಂದ ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಇಂಥ ಸೈಟಿಗೆ ಕೊಟ್ಟ ಎಫ್‌ಎಆರ್ 1.75, ಅಂದರೆ ಸೈಟಿನ ವಿಸ್ತೀರ್ಣದ ಒಂದೂಮುಕ್ಕಾಲು ಪಟ್ಟು ಕಟ್ಟಬಹುದು. ಎಲ್ಲ ಮಹಡಿ ಸೇರಿ 1,050 ಚದರಡಿ. ಸೈಟಿನ ಮುಕ್ಕಾಲು ಭಾಗ ಕಟ್ಟಿದರೆ ಮಹಡಿಗೆ 450. ಕೆಳಗೊಂದು, ಮೇಲೊಂದು, ತಾರಸಿಯಲ್ಲಿ ಒಂದು ರೂಮು, ಅಲ್ಲಿಗೆ ಮುಗಿಯಿತು. ಲಗ್ಗೆರೆಯಲ್ಲಿ ಈಗ ನಿಂತಿರುವುದು ನಾಲ್ಕು ಅಂತಸ್ತು, 1,800 ಚದರಡಿ. ಹೆಚ್ಚಾದ ಆ 750 ಚದರಡಿಯಲ್ಲಿ ಮೂರು ಸಂಸಾರಗಳಿವೆ. ಇಬ್ಬರು ಬಾಡಿಗೆಗೆ, ಒಬ್ಬರು ಭೋಗ್ಯಕ್ಕೆ. ಎಲ್ಲರೂ ಪೀಣ್ಯದ ಕಾರ್ಖಾನೆಗಳ ಕಡೆ ದುಡಿಯುವವರು.

ಕೈಗೆಟುಕುವ ಮನೆ ಅಂತ ಚರ್ಚೆ ಶುರುವಾದಾಗ ಈ ಮೂರು ಸಂಸಾರದ ಸುದ್ದಿಯೇ ಬರುವುದಿಲ್ಲ. ಬರುವುದು ಫ್ಲ್ಯಾಟಿನ ಸುದ್ದಿ. ಜಿಎಸ್‌ಟಿ ನಿಯಮದಲ್ಲಿ 2019ರಿಂದ, ನಮ್ಮಂಥ ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ (ಗೋಡೆಯೊಳಗಿನ ಜಾಗ) ಮೀರದ, 45 ಲಕ್ಷದೊಳಗಿನ ಫ್ಲ್ಯಾಟು ಕೈಗೆಟುಕುವಂಥದ್ದು, ತೆರಿಗೆ ಶೇ. 1. ಯಾರ ಕೈಗೆ? ಶೇ. 80ರಷ್ಟು, ಅಂದರೆ 36 ಲಕ್ಷ ಸಾಲ ಸಿಕ್ಕಿತು ಅನ್ನಿ. ಶೇ. 8.5ರ ಬಡ್ಡಿಯಲ್ಲಿ 20 ವರ್ಷ, ತಿಂಗಳ ಕಂತು ಸುಮಾರು 31 ಸಾವಿರ. ಉಳಿದ 9 ಲಕ್ಷ ಮೊದಲೇ ಕೈಯಲ್ಲಿರಬೇಕು. ಗಾರ್ಮೆಂಟ್ಸಿಗೆ ಹೋಗುವ ಗಂಡ ಹೆಂಡತಿ ಇಬ್ಬರ ಸಂಬಳ ಸೇರಿಸಿದರೂ ಕಂತಿಗೇ ಸಾಲದು.

ಅದೇ ಮಹಾಯೋಜನೆ ವಿಶಾಲ ನಿವೇಶನಕ್ಕೆ, ಎದುರಿನ ರಸ್ತೆ 30 ಮೀಟರ್ ಮೀರಿದರೆ, 3.25ರವರೆಗೆ ಎಫ್‌ಎಆರ್ ಕೊಟ್ಟಿತು. ಅಗಲ ರಸ್ತೆ ಹೆಚ್ಚು ವಾಹನಗಳ ಓಡಾಟ ತಾಳಿಕೊಳ್ಳುತ್ತದೆ ಅನ್ನುವುದು ವಾದ. ಒಪ್ಪೋಣ. ಆದರೆ ಮೇಲೆ ಹೇಳಿದ ಮೂರೂ ಸಂಸಾರಕ್ಕೆ ಸೇರಿ ಇರುವುದು ಒಂದು ಸ್ಕೂಟರ್. ಈ ಲೆಕ್ಕವೆಲ್ಲ ತಿದ್ದಬೇಕಿದ್ದ 2031ರ ಯೋಜನೆಯ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು.

ಹಾಗಂತ ಇಂಥ ಕಟ್ಟಡಗಳನ್ನು ನಾನು ಹೊಗಳುತ್ತಿಲ್ಲ. ಪಕ್ಕದ ಗೋಡೆಗೂ ಈ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ಒಳರೂಮಿನಲ್ಲಿ ಹಗಲಲ್ಲೂ ಲೈಟು. ಎರಡೂವರೆ ಅಡಿಯ ಮೆಟ್ಟಿಲ ಮೇಲೆ ಸಿಲಿಂಡರ್ ಹೊತ್ತವನು ಬಂದರೆ ಇಳಿಯುವವರು ವಾಪಸ್ ಹತ್ತಬೇಕು. ನಾಲ್ಕನೇ ಅಂತಸ್ತಿಗೆ ಅನುಮತಿ ಕೊಡಿ, ಬದಲಿಗೆ ಮೂರಡಿ ಮೆಟ್ಟಿಲು, ಗಾಳಿಬೆಳಕಿಗೊಂದು ಡಕ್ಟು ಕಡ್ಡಾಯ ಮಾಡಿ ಅನ್ನುವವನು ನಾನು. ಈಗ ಪೂರ್ತಿ ಅಕ್ರಮವೇ ಆದ್ದರಿಂದ ಅಷ್ಟನ್ನೂ ಕೇಳುವವರಿಲ್ಲ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒ.ಸಿ. (ಕಟ್ಟಡ ನಕ್ಷೆಯಂತೆಯೇ ಇದೆ, ವಾಸಿಸಬಹುದು ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಬೇಡ ಎಂದಿತು. ಮುಂದಿನ ವರ್ಷ ರಾಜ್ಯ ಸರ್ಕಾರ 30×40ರವರೆಗಿನ ಸೈಟಿನ ಮನೆಗಳಿಗೆ ಒ.ಸಿ. ವಿನಾಯಿತಿ ಕೊಟ್ಟಿತು. ಆದರೆ ನೆಲಮಹಡಿಯ ಮೇಲೆ ಎರಡೇ. ಮೂರು ಬೇಕಿದ್ದರೆ ಕೆಳಗೆ ಪಾರ್ಕಿಂಗ್ ಬಿಡಬೇಕು.

ಪೇಪರ್ ನೋಡಿ ಯಜಮಾನರು ಫೋನು ಮಾಡಿದರು. "ಹಂಗಾದ್ರೆ ಮೂರನೇದಕ್ಕೆ ಏನ್ಸಾರ್ ಮಾಡೋದು? ಅಲ್ಲಿರೋರು ಈಗಷ್ಟೇ ಮಗೂನ ಪಕ್ಕದ ಸ್ಕೂಲಿಗೆ ಸೇರ್ಸಿದಾರೆ."