ಬಾಬಿ ವ್ಯಾಲೆಂಟೈನ್: ಎರಡನೇ ಸ್ಥಾನಕ್ಕೆ ತಂದ್ರೂ ಕೆಲಸ ಹೋಯ್ತು

ಬೇಸ್‌ಬಾಲಲ್ಲಿ ಮ್ಯಾನೇಜರ್ ಅಂದ್ರೆ ಆಫೀಸಲ್ಲಿ ಕೂತು ಲೆಕ್ಕ ನೋಡೋರಲ್ಲ. ನಮ್ಮ ಕ್ರಿಕೆಟ್ಟಿನ ಕೋಚು, ಕ್ಯಾಪ್ಟನ್ನು ಎರಡೂ ಒಬ್ರೇ ಅನ್ಕೊಳ್ಳಿ, ಯಾರು ಆಡ್ಬೇಕು, ಪಿಚರನ್ನ (ಚೆಂಡು ಎಸೆಯೋರನ್ನ) ಯಾವಾಗ ಬದಲಾಯಿಸ್ಬೇಕು ಎಲ್ಲಾ ಅವರದ್ದೇ, ಆಟಗಾರರ ಥರ ಯೂನಿಫಾರ್ಮ್ ಬೇರೆ ಹಾಕ್ಕೊಂಡಿರ್ತಾರೆ.

ಅಮೆರಿಕದ ಬಾಬಿ ವ್ಯಾಲೆಂಟೈನ್ ಆಡೋ ಕಾಲದಲ್ಲಿ, 1973ರಲ್ಲಿ, ಬೌಂಡರಿ ಬೇಲಿ ಹತ್ರ ಕ್ಯಾಚ್ ಹಿಡಿಯೋಕೆ ಹೋಗಿ ಕಾಲು ಮುರ್ಕೊಂಡ್ರು. 1985ರಿಂದ 92ರವರೆಗೆ ಟೆಕ್ಸಸ್ ರೇಂಜರ್ಸ್ ಮ್ಯಾನೇಜರ್ ಆಗಿದ್ರು, ಅಲ್ಲಿಂದಾನೂ ಮನೆಗೆ ಕಳಿಸಿದ್ರು.

1995ರಲ್ಲಿ ಜಪಾನಿನ ಚಿಬಾ ಲೊಟ್ಟೆ ಮರೀನ್ಸ್ ಟೀಮಿಗೆ ಬಂದ್ರು. (ನಮ್ಮ ಮಲೆನಾಡ ಕಡೆ ಲೊಟ್ಟೆ ಅಂದ್ರೆ ಸುಳ್ಳು, ಇಲ್ಲಿ ಚೋಕೋಪೈ ಮಾಡೋ ಕಂಪನಿ, ಟೀಮಿನ ಮಾಲೀಕರು.) ಹತ್ತು ವರ್ಷದಿಂದ ಕೆಳಗೇ ಬಿದ್ದಿದ್ದ ಟೀಮು ಒಂದೇ ಸೀಸನ್ನಲ್ಲಿ ಲೀಗ್‌ನಲ್ಲಿ ಎರಡನೇದಾಯ್ತು, ಆದ್ರೂ ಕೆಲಸದಿಂದ ತೆಗೆದ್ರು! ಜಪಾನಲ್ಲಿ ಬೆಳಗ್ಗೆಯಿಂದ ಬೆವರು ಹರಿಸೋ ಪ್ರಾಕ್ಟೀಸೇ ಭಕ್ತಿ ಇದ್ದಂಗೆ, ಇವರು ಅದನ್ನೇ ಕಮ್ಮಿ ಮಾಡಿ ಅಂದ್ರು, ಮೇಲಿನವರಿಗೂ ಇವರಿಗೂ ಹೊಂದಲಿಲ್ಲ.

ಆಮೇಲೆ ನ್ಯೂಯಾರ್ಕ್ ಮೆಟ್ಸ್. 1999ರಲ್ಲಿ ಅಂಪೈರ್ ಹೊರಗೆ ಕಳಿಸಿದ್ರೆ ಕಪ್ಪು ಕನ್ನಡಕ, ಸುಳ್ಳು ಮೀಸೆ ಹಾಕ್ಕೊಂಡು ವಾಪಸ್ ಡಗೌಟಿಗೆ ಬಂದು ನಿಂತ್ರು, ಟೀವೀಲಿ ಸಿಕ್ಕಿಬಿದ್ದು 5,000 ಡಾಲರ್ ದಂಡ, ಎರಡು ಮ್ಯಾಚ್ ಬ್ಯಾನು. ಮರುವರ್ಷ ಅಮೆರಿಕದ ಫೈನಲ್ಲಾದ ವರ್ಲ್ಡ್ ಸೀರೀಸ್‌ಗೆ ಹೋಗಿ ಯಾಂಕೀಸ್ ಕೈಲಿ ಸೋತ್ರು, 2002ರಲ್ಲಿ ಅಲ್ಲೂ ಕೆಲಸ ಹೋಯ್ತು.

2004ರಲ್ಲಿ ಲೊಟ್ಟೆಯವರೇ ವಾಪಸ್ ಕರೆದ್ರು, ಅಸಲಿ ಮಜಾ ಇರೋದು ಇಲ್ಲೇ. ಬ್ಯಾಟಿಂಗ್ ಆರ್ಡರ್ ನಿನ್ನೆ ಇದ್ದಂಗೆ ಇವತ್ತಿಲ್ಲ, ಅಭಿಮಾನಿಗಳ ಜೊತೆ ನಿಂತು ಆಟೋಗ್ರಾಫು, ಹರಟೆ. 26ನೇ ನಂಬರ್ ಜೆರ್ಸಿ ಯಾವ ಆಟಗಾರನಿಗೂ ಇಲ್ಲ, ಬೆಂಚಲ್ಲಿ ಆಗ 25 ಜನ, 26ನೆಯವರು ಸ್ಟ್ಯಾಂಡಲ್ಲಿ ಕೂಗೋ ಜನ ಅನ್ನೋ ಲೆಕ್ಕ. 2005ರಲ್ಲಿ ಅಲ್ಲಿನ ಫೈನಲ್ಲಾದ ಜಪಾನ್ ಸೀರೀಸ್‌ನ ಮೊದಲ ಮ್ಯಾಚಲ್ಲಿ ಚಿಬಾದ ಕಡಲ ಪಕ್ಕದ ಸ್ಟೇಡಿಯಮ್ಮಿಗೆ ಎಂಥಾ ಮಂಜು ನುಗ್ತು ಅಂದ್ರೆ ಮೇಲೆ ಹೋದ ಚೆಂಡೇ ಕಾಣಿಸ್ತಿರಲಿಲ್ಲ, ಒಂಬತ್ತರಲ್ಲಿ ಏಳನೇ ಇನ್ನಿಂಗ್ಸಲ್ಲೇ ಆಟ ನಿಲ್ಲಿಸಿದ್ರು, ಲೊಟ್ಟೆಗೆ 10-1 ಗೆಲುವು. ಮುಂದಿನ ಮೂರೂ ಗೆದ್ದು ಹಾನ್‌ಶಿನ್ ಟೈಗರ್ಸ್‌ನ 4-0 ಗುಡಿಸಿ ಹಾಕಿದ್ರು, ನಾಲ್ಕು ಮ್ಯಾಚಿನ ಒಟ್ಟು ರನ್ನು ಲೊಟ್ಟೆದು 33, ಟೈಗರ್ಸ್‌ದು ಬರೀ 4! 31 ವರ್ಷ ಆದ್ಮೇಲೆ ಲೊಟ್ಟೆಗೆ ಬಂದ ಪಟ್ಟ ಇದು.

ಇಷ್ಟಾದ್ರೂ 2009ರ ನಂತ್ರ ಕಾಂಟ್ರಾಕ್ಟ್ ಮುಂದುವರೆಸಲ್ಲ ಅಂದ್ರು, ಸಂಬಳದ ಹೊರೆ ಕಾರಣ ಅಂತ ಸುದ್ದಿ. ಅಭಿಮಾನಿಗಳು ಲಕ್ಷಕ್ಕೂ ಹೆಚ್ಚು ಸಹಿ ಹಾಕ್ಸಿದ್ರು, ಕೇಳೋರಿಲ್ಲ. ಗೆಲ್ಲಿಸಿದ ಪರದೇಶದವರು ಜನರಿಗೆ ಮಾಲೀಕರಿಗಿಂತ ಹತ್ರ ಆಗ್ಬಿಟ್ರೆ ಯಾವ ಆಫೀಸಿಗೂ ಕಸಿವಿಸಿನೇ ಬಿಡಿ.

2012ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ಕರೀತು. ಅಲ್ಲಿ ಇವರ ನೇರ ಬಾಯಿ ಮುಳುವಾಯ್ತು, ಏಪ್ರಿಲಲ್ಲೇ ತನ್ನ ಆಟಗಾರನ ಬಗ್ಗೆ ಟೀವೀಲಿ ಏನೋ ಅಂದು ಡ್ರೆಸಿಂಗ್ ರೂಮ್ ಎದುರು ಹಾಕ್ಕೊಂಡ್ರು. 69 ಗೆಲುವು, 93 ಸೋಲು, ಸೀಸನ್ ಮುಗಿದ ಮಾರನೇ ದಿನವೇ ವಜಾ.

ಇನ್ನೊಂದು ವಿಷ್ಯ, ಇವರು ಬಿಟ್ಟ ಮರುವರ್ಷ 2010ರಲ್ಲಿ ಲೊಟ್ಟೆ ಮತ್ತೆ ಜಪಾನ್ ಸೀರೀಸ್ ಗೆಲ್ತು, 2013ರಲ್ಲಿ ಬೋಸ್ಟನ್ನೂ ಚಾಂಪಿಯನ್ ಆಯ್ತು. ಬೈಯೋರು ಇದನ್ನೇ ಎತ್ತಿ ಹಿಡೀತಾರೆ. ಆದ್ರೆ 2010ರ ಲೊಟ್ಟೆ ಮ್ಯಾನೇಜರ್ ನಿಶಿಮುರಾ ಅದಕ್ಕೆ ಮುಂಚೆ ಬಾಬಿ ಕೈಕೆಳಗೇ ಕೋಚ್ ಆಗಿದ್ದವರು, ಅದನ್ನ ಮಾತ್ರ ಯಾರೂ ಹೇಳಲ್ಲ.